ಗೆರಟೆಯ ಮರಿ

ಸಂತೆಗುಳಿಯ ಕಡೆ ಎಷ್ಟು ನಾಯಿಗಳಿವೆಯೋ ಅಷ್ಟೂ ನನಗೆ ಪರಿಚಯ. ಕಡಲ ದಡದ ನಮ್ಮೂರು ಬಾಡದಿಂದ ಮೀನು ತೆಗೆದುಕೊಂಡು ಹೋಗಿ ಆ ದಾರಿಯಲ್ಲಿ ಮನೆಮನೆ ಮಾರುವ ಕೆಲಸಕ್ಕೆ ಇಳಿದು ಹನ್ನೆರಡು ವರ್ಷವಾಯಿತು. ನಾನು ಬಸ್ಸಿಳಿದು ಬುಟ್ಟಿಯನ್ನು ತಲೆಗೇರಿಸುವಷ್ಟರಲ್ಲಿ ಮೊದಲ ಮನೆಯ ನಾಯಿ ಬಂದು ಕಾಲು ಮೂಸುತ್ತದೆ. ಅದು ಬೊಗಳಿದ್ದು ಕೇಳಿ ಎರಡನೆಯದು ಹೊರಡುತ್ತದೆ. ಮನೆಯವರ ಮುಖ ನೋಡುವುದಕ್ಕೂ ಮೊದಲು ನಾನು ನೋಡುವುದು ಅವರ ನಾಯಿಯ ಮುಖವನ್ನು. ಅದು ಬಾಲ ಆಡಿಸುತ್ತ ಎದುರು ಬಂದರೆ ಒಳಗೆ ಜನ ಇದ್ದಾರೆ ಎಂದರ್ಥ. ಕಟ್ಟಿದಲ್ಲೇ ಎದ್ದು ನಿಂತು, ಬೊಗಳುವುದಕ್ಕೂ ಬೇಸರವಾಗಿ ಮತ್ತೆ ಮಲಗಿದರೆ, ಅಲ್ಲಿ ಬಾಗಿಲು ತಟ್ಟುವುದು ದಂಡ.

ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಒಂದು ಮನೆ ಅಲ್ಲಿದೆ. ಹಲಸಿನ ಮರಕ್ಕೆ ಕಟ್ಟಿದ ಅವರ ನಾಯಿ ಸುತ್ತಿ ಸುತ್ತಿ ಸರಪಳಿಯ ಉದ್ದಕ್ಕೆ ನೆಲದಲ್ಲಿ ಒಂದು ಬಳೆ ಕೊರೆದುಬಿಟ್ಟಿದೆ. ಆ ಬಳೆಯೊಳಗೆ ಒಂದು ಎಸಳು ಹುಲ್ಲಿಲ್ಲ. ನಾನು ಒಂದು ಮೀನಿನ ತಲೆ ಎಸೆದು ಬೇಗ ಬೇಗ ಮುಂದೆ ಹೋಗುತ್ತೇನೆ. ಅದರ ಕಣ್ಣು ನೋಡಲು ನನ್ನಿಂದ ಆಗುವುದಿಲ್ಲ. ಯಾಕೆಂದು ಆಮೇಲೆ ಹೇಳುತ್ತೇನೆ.

ಹೀಗಿರುವಾಗ ಕಳೆದ ಜುಲೈ ತಿಂಗಳಲ್ಲಿ ಒಂದು ಭಾನುವಾರ ಮಧ್ಯಾಹ್ನ ನಾವು ನಾಲ್ಕೂ ಜನ ಊಟಕ್ಕೆ ಕುಳಿತಿದ್ದೆವು. ನಾನು, ನನ್ನ ಗಂಡ ದಿನಕರ, ಅತ್ತೆ ಮಾದೇವಿ, ಐದನೇ ಕ್ಲಾಸಿನ ಮಗಳು ಅಂಕಿತಾ. ಮೀನು ಸಾಗಿಸುವ ಟೆಂಪೋದ ಶಿವನ ಮನೆಯಲ್ಲಿ ನಾಯಿ ಮರಿ ಹಾಕಿದ ಸುದ್ದಿಯನ್ನು ಮಗಳು ಆಗಲೇ ತಂದದ್ದು.

"ಆಯಿ, ನಾಲ್ಕು ಮರಿ ಅದೆ. ನಂಗೊಂದು ಬೇಕು."

"ಬೇಡ," ಎಂದೆ.

"ಪೂರ್ತಿ ಕೇಳೂದೂ ಇಲ್ಲ ನೀನು."

"ಪೂರ್ತಿ ಕೇಳ್ದೆ. ಬೇಡ."

ದಿನಕರ ನಕ್ಕರು. ನನ್ನ ಗಂಡನಿಗೆ ಯಾವುದೂ ಕಷ್ಟವಲ್ಲ, ಮಾಡುವವರು ಬೇರೆಯವರಾಗಿದ್ದರೆ. "ತಕಂಡು ಬರುವ ಮಾರಾಯ್ತಿ. ಮರಿ ಎಂತ ಕೇಳ್ತದೆ? ಒಂದು ಮುಷ್ಟಿ ಅನ್ನ, ಎರಡು ಮೀನಿನ ತಲೆ. ಮನೆ ತುಂಬ ಜನ ಇದ್ದೇವೆ ಅಲ್ದಾ?"

ಮನೆ ತುಂಬ ಜನ! ನನಗೆ ಸಿಟ್ಟು ನೆತ್ತಿಗೇರಿದ್ದು ಆ ಮಾತಿಗೇ.

ನಮ್ಮ ಕಡೆಯವರು ಮಾತ್ರ ಮಾಡುವ ಒಂದು ತಪ್ಪು ಇದೆ. ಜೂನ್, ಜುಲೈ ಎರಡು ತಿಂಗಳು ಬೋಟುಗಳು ಸಮುದ್ರಕ್ಕೆ ಇಳಿಯುವಂತಿಲ್ಲ, ಸರ್ಕಾರದ ನಿಷೇಧ. ನಾವು ಅದಕ್ಕೆ ಬಂದ್ ಅನ್ನುತ್ತೇವೆ. ಆ ಎರಡು ತಿಂಗಳು ಗಂಡಸರೆಲ್ಲ ಮನೆಯಲ್ಲಿ. ಬಲೆ ನೇಯುತ್ತಾರೆ, ಇಸ್ಪೀಟು ಆಡುತ್ತಾರೆ, ಹೆಂಡತಿ ಮಾಡಿದ ಸಾರಿಗೆ ಹೆಸರಿಡುತ್ತಾರೆ. ಶೆಟ್ಲಿ, ಅಂದರೆ ಸಿಗಡಿ, ಸುಲಿಯುವ ಶೆಡ್ಡು ಮುಚ್ಚಿರುವುದರಿಂದ ಅತ್ತೆಯೂ ಮನೆಯಲ್ಲಿ. ಹಸಿ ಮೀನು ಇಲ್ಲದ್ದರಿಂದ ನಾನೂ ವಾರಕ್ಕೆರಡು ಸಲ ಒಣಮೀನು ತೆಗೆದುಕೊಂಡು ಹೋದರೆ ಹೆಚ್ಚು. ಆಗ ನಮಗೆಲ್ಲ ಇಡೀ ವರ್ಷ ಹೀಗೇ ಇರುತ್ತದೆ ಅನಿಸಿಬಿಡುತ್ತದೆ. ಬಂದ್‌ನಲ್ಲಿ ಹಸು ಕೊಂಡವರಿದ್ದಾರೆ. ಅಂಗಳಕ್ಕೆಲ್ಲ ತರಕಾರಿ ಹಾಕಿದವರಿದ್ದಾರೆ. ಆಗಸ್ಟ್ ಒಂದನೇ ತಾರೀಕು ಬೋಟು ಹೊರಟಿತೋ, ಹಸುವೂ ಇಲ್ಲ, ತರಕಾರಿಯೂ ಇಲ್ಲ. ನಮ್ಮಂಥವರಿಗೆ ವರ್ಷದಲ್ಲಿ ಎರಡು ತಿಂಗಳು ಮನೆ ಇರುತ್ತದೆ, ಉಳಿದ ಹತ್ತು ತಿಂಗಳು ಮನೆಯ ಬೀಗದ ಕೈ ಇರುತ್ತದೆ.

ನಾವೂ ಆ ತಪ್ಪು ಮಾಡಿದವರೇ. ಮದುವೆಯಾದ ವರ್ಷ, ಅಂಥದೇ ಒಂದು ಬಂದ್‌ನಲ್ಲಿ ದಿನಕರ ಎಲ್ಲಿಂದಲೋ ಒಂದು ಮರಿ ತಂದಿದ್ದರು. ಹಿಡಿದರೆ ಕೈಯಿಂದ ಜಾರಿಕೊಳ್ಳುವ ಸಪೂರ ಮರಿ. ಅದಕ್ಕೆ ತಾರ್ಲೆ ಎಂದು ಮೀನಿನ ಹೆಸರನ್ನೇ ಇಟ್ಟರು. ಎರಡು ತಿಂಗಳು ತಾರ್ಲೆ ಒಬ್ಬರ ಮಡಿಲಿನಿಂದ ಇನ್ನೊಬ್ಬರ ಮಡಿಲಿಗೆ ಹೋಗುತ್ತ ನೆಲ ಮುಟ್ಟದೆ ಬೆಳೆಯಿತು. ಅದು ಹೇಗೆ ಇಲ್ಲವಾಯಿತು ಎಂದು ಮನೆಯಲ್ಲಿ ಯಾರು ಕೇಳಿದರೂ ನನ್ನ ಉತ್ತರ ಒಂದೇ: "ಎಲ್ಲಿ ಓಡಿಹೋಯ್ತೋ."

ಅಂಕಿತಾ ಅನ್ನ ಬಿಟ್ಟು ಏಳಲಿಲ್ಲ, ಅಳಲಿಲ್ಲ. ತಟ್ಟೆ ನೋಡುತ್ತ, "ನಾ ನೋಡ್ಕಣ್ತೆ ಆಯಿ, ಎಲ್ಲಾ ನಾನೇ ನೋಡ್ಕಣ್ತೆ," ಎಂದಳು. ಈ ಮಗು ಹಟ ಮಾಡಿದ್ದರೆ ನನಗೆ ಸುಲಭವಿತ್ತು. ಹಟಕ್ಕೆ ನನ್ನ ಹತ್ತಿರ ಮದ್ದಿದೆ. ಹೀಗೆ ಮೆತ್ತಗೆ ಕೇಳಿದರೆ ನಾನು ಸೋಲುತ್ತೇನೆ.

"ಆತು," ಎಂದೆ. "ಮರಿ ತಾಯಿ ಬಿಡೂಕೆ ಇನ್ನೂ ಎರಡು ತಿಂಗಳು ಬೇಕು. ಅಷ್ಟರೊಳಗೆ ಒಂದು ಕೆಲಸ ಮಾಡುವ. ಆಗಸ್ಟ್ ಒಂದರಿಂದ ಹದಿನೈದು ದಿನ, ಮರಿ ಇಲ್ದೆ ಮರಿ ಸಾಕುವ. ಬಂದ್‌ನಲ್ಲಿ ಅಲ್ಲ. ಬೋಟು ಹೋದ ಮೇಲೆ. ಆಗ ಸೈ ಅಂದ್ರೆ ಸೈ."

"ಇಲ್ದೆ ಇದ್ದ ಮರಿ ಸಾಕೂದು ಹೆಂಗೆ?" ಎಂದರು ದಿನಕರ.

ನಾನು ಎದ್ದು ಹೋಗಿ ಕಾಯಿ ತುರಿದು ಉಳಿದ ಒಂದು ತೆಂಗಿನ ಗೆರಟೆ ತಂದು ಜಗಲಿಯ ಮೆಟ್ಟಿಲ ಪಕ್ಕ ಇಟ್ಟೆ. "ಇದೇ ಮರಿ. ಬೆಳಿಗ್ಗೆ ಒಂದು ಮುಷ್ಟಿ ಅನ್ನ, ಮಧ್ಯಾಹ್ನ ಒಂದು ಮುಷ್ಟಿ, ನಾಲ್ಕು ಗಂಟೆಗೆ, ಸಂಜೆಗೆ. ಸಣ್ಣ ಮರಿಗೆ ನಾಲ್ಕು ಸಲ ಬೇಕು. ಪ್ರತಿ ಸಲ ನೀರು ಬದಲು ಮಾಡ್ಬೇಕು. ಯಾರು ಯಾವಾಗ ಹಾಕೂದು, ನೀವೇ ಹಂಚಿಕಣಿ."

ದಿನಕರ ಬೆಳಗಿನದು ತಮ್ಮದೆಂದರು. ಅತ್ತೆ ಸಂಜೆಯದು ತಮ್ಮದೆಂದರು. ನಾಲ್ಕು ಗಂಟೆಯದು ಅಂಕಿತಾಳದು. ಮಧ್ಯಾಹ್ನದ್ದು ಯಾರದೆಂದು ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಸಮಯ ಬಂದಾಗ ತಾನಾಗಿ ಗೊತ್ತಾಗಲಿ ಎಂದುಕೊಂಡೆ. ಗೆದ್ದೆ ಎಂಬ ಸಣ್ಣ ಹೆಮ್ಮೆಯೂ ಇತ್ತು ಅಂತ ಒಪ್ಪಿಕೊಳ್ಳುತ್ತೇನೆ.

ಆಗಸ್ಟ್ ಒಂದಕ್ಕೆ ಹೊನ್ನಾವರದ ಬಂದರಿನಲ್ಲಿ ಬೋಟಿಗೆ ಹೂ ಹಾಕಿ, ಕಾಯಿ ಒಡೆದು, ದಿನಕರ ಹೊರಟುಹೋದರು. ಹೊರಡುವ ಮೊದಲು ಗೆರಟೆಗೆ ಒಂದು ಮುಷ್ಟಿ ಅನ್ನ ಹಾಕಿ, "ಹೋಗ್ಬರ್ತೆ ಮರಿ," ಎಂದು ಅದಕ್ಕೆ ಹೇಳಿದರು. ಅಂಕಿತಾ ಬಿದ್ದು ಬಿದ್ದು ನಕ್ಕಳು. ಒಮ್ಮೆ ಹೋದರೆ ಹತ್ತು ದಿನ ಬರುವವರಲ್ಲ. ಮರುದಿನ ಬೆಳಗ್ಗೆಯೇ ಅವರ ಪಾಲಿನ ಕೆಲಸಕ್ಕೆ ಜನ ಇರಲಿಲ್ಲ. ಅದನ್ನು ಮಗಳು ಒಂದು ಮಾತಾಡದೆ ತನ್ನ ಮೇಲೆ ಹಾಕಿಕೊಂಡಳು.

ನಾನು ಸುಲಭಕ್ಕೆ ಬಿಡುವವಳಲ್ಲ. ಬೆಳಗ್ಗೆ ಅವಳು ಯೂನಿಫಾರ್ಮ್ ಹಾಕಿಕೊಂಡು ಚೀಲ ಹೆಗಲಿಗೇರಿಸುವ ಹೊತ್ತಿಗೆ ಸರಿಯಾಗಿ ಒಂದು ಹಿಡಿ ಒದ್ದೆ ಮರಳು ಜಗಲಿಯ ಮೇಲೆ ಸುರಿದು, "ಮರಿ ಗಲೀಜು ಮಾಡ್ತು, ನೋಡು," ಎನ್ನುತ್ತಿದ್ದೆ. ಅವಳು ಚೀಲ ಇಳಿಸಿ, ತೆಂಗಿನ ನಾರಿನಿಂದ ಒರೆಸಿ, ನೀರು ಹಾಕಿ ತೊಳೆದು, ಓಡುತ್ತಿದ್ದಳು. ಎರಡನೇ ದಿನ ಅತ್ತೆಯ ಒಗೆದ ಸೀರೆಯನ್ನು ನೆಲಕ್ಕೆ ಹಾಕಿ, "ಮರಿ ಎಳೆದು ಹಾಕ್ತು," ಎಂದೆ. ಅದನ್ನೂ ಮತ್ತೆ ಒಗೆದಳು. ಅತ್ತೆಗೆ ತಡೆಯಲಿಲ್ಲ.

"ಇಲ್ದೆ ಇದ್ದ ನಾಯಿಗೆ ದಿನಾ ನಾಲ್ಕು ಸಲ ಊಟ. ಇದ್ದ ಅತ್ತೆಗೆ ಒಂದು ಲೋಟ ಚಾ ಕೇಳ್ದ್ರೆ ಹಾಲು ಮುಗ್ದದೆ," ಎಂದರು.

ಹಾಗೆ ಅಂದವರೇ ಐದನೇ ದಿನ ಸಂಜೆ ಶೆಡ್ಡಿನಿಂದ ಬರುವಾಗ ಸೆರಗಿನ ತುದಿಯಲ್ಲಿ ನಾಲ್ಕು ಶೆಟ್ಲಿ ತಲೆ ಕಟ್ಟಿಕೊಂಡು ಬಂದು ಗೆರಟೆಗೆ ಹಾಕಿದರು. ನಾನು ನೋಡಿದ್ದು ಗೊತ್ತಾಗಿ, "ಕಾಗೆಗೆ ಆಗ್ತದೆ," ಎಂದು ಮುಖ ತಿರುಗಿಸಿಕೊಂಡರು.

ಇನ್ನು ಉಳಿದದ್ದು ಮಧ್ಯಾಹ್ನ. ನನ್ನ ಪಂದ್ಯವೆಲ್ಲ ಇದ್ದದ್ದು ಅಲ್ಲೇ. ಬೆಳಗ್ಗೆ ನಾನು ಆರಕ್ಕೇ ದಡಕ್ಕೆ ಹೋಗಿ ಮೀನು ಹಿಡಿದುಕೊಂಡು ಬಂದು, ಎಂಟಕ್ಕೆ ಶಿವನ ಟೆಂಪೋದಲ್ಲಿ ಕುಮಟೆಗೆ, ಅಲ್ಲಿಂದ ಬಸ್ಸಿನಲ್ಲಿ ಸಂತೆಗುಳಿಗೆ. ಹಳ್ಳಿಯಲ್ಲಿ ಉಳಿದ ಮೀನು ಹಿಂದೆ ತಂದು ಸಂಜೆ ಕುಮಟೆಯ ಪೇಟೆಯಲ್ಲಿ ಕುಳಿತು ಮಾರಿ ಮನೆ ಸೇರುವುದು ಏಳಕ್ಕೆ. ಅತ್ತೆಯೂ ಎಂಟಕ್ಕೆ ಹೋದರೆ ಏಳಕ್ಕೇ. ಅಂಕಿತಾಳ ಶಾಲೆ ಬಿಡುವುದು ನಾಲ್ಕಕ್ಕೆ. ಬೆಳಗ್ಗೆ ಎಂಟರಿಂದ ಸಂಜೆ ನಾಲ್ಕರ ತನಕ ನಮ್ಮ ಮನೆಗೆ ಬೀಗ. ಮಧ್ಯಾಹ್ನ ಗೆರಟೆಗೆ ಅನ್ನ ಹಾಕಲು ಯಾರಿಂದಲೂ ಸಾಧ್ಯವಿಲ್ಲ. ಹದಿನೈದು ದಿನ ಆದ ಮೇಲೆ ಅದನ್ನು ತೋರಿಸಿ, "ನೋಡು ಮಗಾ, ಇದಕ್ಕೇ ಬೇಡ ಅಂದದ್ದು," ಎಂದು ಮಾತು ಮುಗಿಸುವುದೆಂದು ನನ್ನ ಲೆಕ್ಕಾಚಾರ.

ಆದರೆ ಮೂರನೇ ದಿನದಿಂದಲೇ ಒಂದು ವಿಚಿತ್ರ ಕಂಡೆ. ಬೆಳಗ್ಗೆ ಮುಚ್ಚಿಟ್ಟು ಹೋದ ಅನ್ನದ ಪಾತ್ರೆಯಲ್ಲಿ ಒಂದು ಮೂಲೆ ಖಾಲಿಯಾಗಿರುತ್ತಿತ್ತು. ಕೇಳಿದರೆ ಅಂಕಿತಾ, "ನಾಲ್ಕು ಗಂಟೆಗೆ ಹಾಕ್ದದ್ದು," ಎನ್ನುತ್ತಿದ್ದಳು. ಒಂದು ಮುಷ್ಟಿಗಿಂತ ಹೆಚ್ಚು ಹೋಗಿದೆಯಲ್ಲ ಎಂದರೆ, "ಮರಿಗೆ ಹಸಿವು ಜಾಸ್ತಿ," ಎಂದು ನಗುತ್ತಿದ್ದಳು. ಬೆಳೆಯುವ ಮಗು, ಅವಳೇ ತಿಂದಿರಬೇಕು ಎಂದು ಸುಮ್ಮನಾದೆ.

ಹನ್ನೆರಡನೇ ದಿನ ನಾನು ಸಂತೆಗುಳಿಯಲ್ಲಿ ಆ ಹಲಸಿನ ಮರದ ಮನೆಯ ಹತ್ತಿರ ಇದ್ದಾಗ ಫೋನ್ ಬಂತು. ಅಂಕಿತಾಳ ಟೀಚರ್.

"ಅಂಕಿತಾ ದಿನಾ ಬಿಸಿಯೂಟದ ಹೊತ್ತಿಗೆ ಮನೆಗೆ ಓಡಿ ಹೋಗಿ ಬರ್ತಾಳೆ. ಯಾರಿಗಾದ್ರೂ ಹುಷಾರಿಲ್ವಾ ಮನೇಲಿ? ಊಟ ಸರಿಯಾಗಿ ಮಾಡೂದಿಲ್ಲ. ಇವತ್ತು ದಾರೀಲಿ ಬಿದ್ದು ಮೊಣಕಾಲು ತರ್ಚಿಕೊಂಡು ಬಂದಾಳೆ. ಮದ್ದು ಹಚ್ಚಿದ್ದೇವೆ, ಹೆದರಬೇಡಿ. ಕೇಳಿದ್ರೆ ಮನೇಲಿ ಮರಿಗೆ ಊಟ ಹಾಕೂಕೆ ಅಂತಾಳೆ. ನಾಯಿಮರಿ ತಂದೀರಾ?"

"ಇಲ್ಲ ಟೀಚರ್," ಎಂದೆ.

ಮನೆಯಿಂದ ಶಾಲೆಗೆ ಒಂದು ಕಿಲೋಮೀಟರ್. ಅಷ್ಟು ದೂರ ಓಡಿ ಬಂದು, ಬೀಗ ತೆಗೆದು, ಗೆರಟೆಗೆ ಒಂದು ಮುಷ್ಟಿ ಅನ್ನ ಹಾಕಿ, ನೀರು ಬದಲಿಸಿ, ಬೀಗ ಹಾಕಿ, ಮತ್ತೆ ಓಡಿ ಹೋಗುವುದು. ಇಲ್ಲದ ಮರಿಗಾಗಿ. ನಾನು ಸುರಿದ ಮರಳು, ಎಳೆದು ಹಾಕಿದ ಸೀರೆ ಎಲ್ಲ ನೆನಪಾಗಿ ನನ್ನ ಮೇಲೇ ನನಗೆ ಹೇಸಿಗೆಯಾಯಿತು. ಬುಟ್ಟಿಯಲ್ಲಿ ಅರ್ಧಕ್ಕರ್ಧ ಬಂಗಡೆ ಉಳಿದಿತ್ತು. ಸಿಕ್ಕಿದ ಬಸ್ಸು ಹತ್ತಿದೆ. ಕುಮಟೆಯಲ್ಲಿ ಪೇಟೆಗೆ ಹೋಗಲಿಲ್ಲ. ಶಿವನಿಗೆ ಫೋನ್ ಮಾಡಿದೆ. ಅವನು ಟೆಂಪೋ ತಂದು, "ಎಂತ ಆತು ಸುಷ್ಮಕ್ಕ, ಇಷ್ಟು ಬೇಗ?" ಎಂದ. "ಏನಿಲ್ಲ, ನಡಿ," ಎಂದೆ. ಅವನು ಮರಿಗಳ ಸುದ್ದಿ ಹೇಳುತ್ತ ಗಾಡಿ ಬಿಟ್ಟ. ನಾಲ್ಕರಲ್ಲಿ ಮೂರಕ್ಕೆ ಜನ ಆಗಿದ್ದಾರಂತೆ, ಮೂಗಿನ ಮೇಲೆ ಬಿಳಿ ಇರುವುದನ್ನು ಅಂಕಿತಾಳಿಗೆಂದೇ ಇಟ್ಟಿದ್ದಾನಂತೆ.

ಮನೆಯ ತಿರುವಿನಲ್ಲಿ ಇಳಿದಾಗ ನಾಲ್ಕು ದಾಟಿ ಸ್ವಲ್ಪ ಹೊತ್ತಾಗಿತ್ತು. ಬೇಲಿಯ ಆಚೆಯಿಂದ ಮಗಳ ದನಿ ಕೇಳಿತು. ಯಾರೋ ಗೆಳತಿ ಬಂದಿದ್ದಾಳೆ ಎಂದುಕೊಂಡೆ. ದಾಸವಾಳದ ಗಿಡದ ಹಿಂದೆ ನಿಂತು ನೋಡಿದರೆ ಯಾರೂ ಇಲ್ಲ. ಅಂಕಿತಾ ಮೆಟ್ಟಿಲ ಮೇಲೆ, ಗೆರಟೆಯ ಪಕ್ಕ ಕುಳಿತಿದ್ದಳು. ಮೊಣಕಾಲಿಗೆ ಅರಿಸಿನ ಬಣ್ಣದ ಮದ್ದು ಹಚ್ಚಿತ್ತು.

"ಇವತ್ತು ನನ್ನ ಜೋಡಿ ಯಾರೂ ಕೂತ್ಕಣ್ಲಿಲ್ಲ," ಎಂದು ಹೇಳುತ್ತಿದ್ದಳು ಗೆರಟೆಗೆ. "ಮೀನಿನ ವಾಸ್ನೆ ಅಂತು ಪಕ್ಕದ ಹುಡುಗಿ. ನಾನೂ ಸುಮ್ನೆ ಬಿಡ್ಲಿಲ್ಲ. ನೀ ತಿಂಬೂದು ಎಂತ ಮತ್ತೆ, ಮೀನೇ ಅಲ್ದಾ ಅಂದೆ. ಆಯಿಗೆ ಹೇಳೂದು ಬೇಡ ಆತಾ? ಆಯಿ ಸಿಟ್ಟು ಮಾಡ್ಕಂಡು ಶಾಲೆಗೇ ಬಂದುಬಿಡ್ತದೆ."

ಗೆರಟೆಯನ್ನು ತನ್ನ ಹತ್ತಿರಕ್ಕೆ ಎಳೆದುಕೊಂಡಳು.

"ಈಗ ಮೋಡ ಹಾಕ್ತದೆ. ಒಳಗೆ ಕತ್ಲೆ ಆಗ್ತದೆ. ಹೆದರೂದು ಬೇಡ. ಏಳು ಗಂಟೆ ಅಂದ್ರೆ ಹೆಚ್ಚೆಂತ ಇಲ್ಲ. ಮೊದ್ಲು ಲೈಟು ಹಾಕ್ಬೇಕು, ಆಮೇಲೆ ಟಿ.ವಿ. ದೊಡ್ಡಕೆ ಇಡ್ಬೇಕು, ಆಗ ಮನೇಲಿ ಜನ ಇದ್ದಂಗೆ ಆಗ್ತದೆ. ನಾನೂ ಮೊದ್ಲು ಹೆದರ್ತಿದ್ದೆ. ಈಗ ರೂಢಿ ಆಯ್ದು."

ನಾನು ಬೇಲಿಯ ಕೋಲು ಹಿಡಿದುಕೊಂಡು ನಿಂತುಬಿಟ್ಟೆ. ಟಿ.ವಿ. ಅಷ್ಟು ಜೋರಾಗಿ ಇಡುತ್ತಾಳೆಂದು ದಿನಾ ಸಂಜೆ ನಾನು ಅವಳಿಗೆ ಬೈಯುತ್ತಿದ್ದೆ. ಕರೆಂಟು ದಂಡ ಮಾಡುತ್ತೀಯೆಂದು ಲೈಟು ಆರಿಸುತ್ತಿದ್ದೆ. ಎಂಟರಿಂದ ನಾಲ್ಕರ ತನಕ ಮರಿಯ ಜೊತೆ ಯಾರೂ ಇರುವುದಿಲ್ಲ ಎಂದು ಹನ್ನೆರಡು ದಿನದಿಂದ ಲೆಕ್ಕ ಹಾಕುತ್ತಿದ್ದವಳು ನಾನು. ನಾಲ್ಕರಿಂದ ಏಳರ ತನಕ ನನ್ನ ಮಗಳ ಜೊತೆ ಯಾರಿದ್ದಾರೆ ಎಂದು ಒಂದು ದಿನ ಕೇಳಿರಲಿಲ್ಲ. ಬೀಗದ ಕೈಯನ್ನು ಅವಳ ಚೀಲದೊಳಗಿನ ಸಣ್ಣ ಜಿಪ್ಪಿನಲ್ಲಿ ಹಾಕಿ ಕೊಟ್ಟದ್ದು ಅವಳು ಮೂರನೇ ಕ್ಲಾಸಿಗೆ ಬಂದಾಗ. ಮಗಳು ಜಾಣೆ, ಎಲ್ಲ ತಾನೇ ನೋಡಿಕೊಳ್ಳುತ್ತಾಳೆ ಎಂದು ಸಂತೆಗುಳಿಯ ಮನೆಮನೆಯಲ್ಲಿ ಹೊಗಳಿಕೊಂಡು ತಿರುಗಿದ್ದೆ.

ಅತ್ತುಬಿಟ್ಟೆ. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಬೇಕೆಂದೇ ಸದ್ದು ಮಾಡಿ ಬೇಲಿಬಾಗಿಲಿನ ದಣಪೆ ತೆಗೆದೆ.

ಅವಳು ಬೆಚ್ಚಿ ಎದ್ದು ನಿಂತಳು. ಮೊದಲು ಮಾಡಿದ ಕೆಲಸವೆಂದರೆ ಲಂಗ ಎಳೆದು ಮೊಣಕಾಲು ಮುಚ್ಚಿಕೊಂಡದ್ದು. "ಆಯಿ, ಇಷ್ಟು ಬೇಗ ಬಂದ್ಯಾ? ಮೀನು ಹೋಗ್ಲಿಲ್ವಾ?"

"ಮೀನು ಇರ್ಲಿ," ಎಂದು ಬುಟ್ಟಿ ಇಳಿಸಿ ಅವಳ ಪಕ್ಕ ಕುಳಿತೆ. "ಟೀಚರ್ ಫೋನ್ ಮಾಡಿದ್ರು. ಮಧ್ಯಾಹ್ನ ಓಡಿ ಬರ್ತ್ಯಂತಲ್ಲ ನೀನು?"

ಅವಳು ತಲೆ ತಗ್ಗಿಸಿದಳು. ಬೈಗಳಿಗೆ ಕಾಯುತ್ತಿದ್ದಳು. ನಾನು ಬೈಯಲಿಲ್ಲ. ನನ್ನ ಪಂದ್ಯ ನಾನು ಸೋತೆ, ಈ ಮಗುವಿಗೆ ಮರಿ ಕೊಡಿಸದೆ ಇರುವುದು ಅನ್ಯಾಯ ಎಂದು ಅಷ್ಟರಲ್ಲಿ ನಿಶ್ಚಯ ಮಾಡಿಬಿಟ್ಟಿದ್ದೆ.

"ಹೋಗ್ಲಿ ಬಿಡು. ನೀನು ಗೆದ್ದೆ. ಶಿವಣ್ಣ ಬಿಳಿ ಮೂಗಿಂದು ನಿಂಗೇ ಅಂತ ಇಟ್ಟಾನಂತೆ. ತಕಂಡು ಬರುವ."

ಕುಣಿಯುತ್ತಾಳೆ ಎಂದುಕೊಂಡಿದ್ದೆ. ಅವಳು ಗೆರಟೆಯೊಳಗಿನ ಅನ್ನವನ್ನು ಬೆರಳಿನಿಂದ ಕಲಕುತ್ತ ಕುಳಿತಳು.

"ಬೇಡ ಆಯಿ."

"ಎಂತ? ಎಂತಕ್ಕೆ ಬೇಡ?"

"ಮಧ್ಯಾಹ್ನ ಓಡಿ ಬಂದ್ರೆ ಐದು ನಿಮಿಷ ಮಾತ್ರ ಇರೂಕೆ ಆಗ್ತದೆ. ಮತ್ತೆ ನಾ ಹೋಗ್ಬೇಕು. ನಾ ಹೋಗುವಾಗ ಅದು ಬಾಗ್ಲ ಹತ್ರ ನಿಂತ್ಕಣ್ತದೆ. ಬೆಳಿಗ್ಗೆ ಎಂಟರಿಂದ ನಾಲ್ಕರ ತನಕ ಅದು ಒಂದೇ." ಅವಳು ಬೆರಳು ಮಡಚಿ ಎಣಿಸಿದಳು. "ಎಂಟು ಗಂಟೆ, ಆಯಿ. ನಂಗೆ ಮೂರು ಗಂಟೆಯೇ ಆಗೂದಿಲ್ಲ."

ಅವಳನ್ನು ಎಳೆದು ಅಪ್ಪಿಕೊಂಡೆ. ಮೀನಿನ ವಾಸನೆಯ ಸೀರೆ, ಕೈಗೆಲ್ಲ ಅಂಟಿದ ಮೀನಿನ ಹುರುಪೆ. ಅವಳು ಮುಖ ಹುದುಗಿಸಿಕೊಂಡಳು.

ಮಗು ಇಷ್ಟು ಸತ್ಯ ಹೇಳಿದ ಮೇಲೆ ನಾನು ಸುಳ್ಳು ಇಟ್ಟುಕೊಂಡು ಕುಳಿತಿರುವುದು ಸರಿಯೆನಿಸಲಿಲ್ಲ. ತಾರ್ಲೆಯ ವಿಷಯ ಹೇಳಿದೆ. ಹನ್ನೆರಡು ವರ್ಷದಲ್ಲಿ ಮೊದಲ ಸಲ, ಅದೂ ಹತ್ತು ವರ್ಷದ ಮಗಳಿಗೆ.

ಆಗಸ್ಟ್‌ನಲ್ಲಿ ಬೋಟು ಹೋಯಿತು, ನಾವೆಲ್ಲ ಕೆಲಸಕ್ಕೆ ಹೋದೆವು, ತಾರ್ಲೆ ಒಂಟಿಯಾಯಿತು. ಕಟ್ಟಿ ಹಾಕಿದರೆ ದಿನವಿಡೀ ಕೂಗುತ್ತದೆ. ಬಿಟ್ಟರೆ ಪಕ್ಕದ ಮನೆಯ ಸುಬ್ಬಿ ಚಾಪೆಯ ಮೇಲೆ ಒಣಗಲು ಹಾಕಿದ ಮೀನನ್ನೆಲ್ಲ ಎಳೆದಾಡುತ್ತದೆ. ದಿನಾ ಸಂಜೆ ಸುಬ್ಬಿಯ ಜಗಳ. ಒಂದು ದಿನ ನನಗೆ ತಲೆ ಕೆಟ್ಟಿತು. ಖಾಲಿ ಬುಟ್ಟಿಯಲ್ಲಿ ಅದನ್ನು ಕೂರಿಸಿ, ಮೇಲೆ ಗೋಣಿ ಮುಚ್ಚಿ, ಕುಮಟೆಗೆ ಒಯ್ದೆ. ಮೀನು ಪೇಟೆಯ ಹಿಂದೆ ಬಿಟ್ಟೆ. ಅಲ್ಲಿ ತಿನ್ನಲು ಸಿಗುತ್ತದೆ, ಬದುಕಿಕೊಳ್ಳುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಮನೆಗೆ ಬಂದು ಓಡಿಹೋಯಿತೆಂದೆ. ಬೋಟಿನಿಂದ ಬಂದ ದಿನಕರ ಎರಡು ದಿನ ದಡದುದ್ದಕ್ಕೂ ಹುಡುಕಿದರು.

ಅಂಕಿತಾ ಕೇಳಿದಳು. "ಅದು ನಿನ್ನ ಹಿಂದೆ ಬಂತಾ?"

ಇಷ್ಟು ವರ್ಷ ನಾನು ಹೆದರಿದ್ದು ಈ ಪ್ರಶ್ನೆಗೇ.

"ಬಂತು," ಎಂದೆ. "ಬಸ್ಸಿನ ತನಕ ಬಂತು. ಮೆಟ್ಲು ಹತ್ತೂಕೆ ನೋಡ್ತು, ಆಗ್ಲಿಲ್ಲ. ಕಾಲು ಸಣ್ಣದು. ಬಸ್ಸು ಹೊರಟ ಮೇಲೂ ಅಷ್ಟು ದೂರ ಓಡಿ ಬಂತು. ಮರುದಿನ ಹೋಗಿ ಹುಡುಕ್ದೆ. ಸಿಗ್ಲಿಲ್ಲ."

ಅವಳು ನನ್ನಿಂದ ಸ್ವಲ್ಪ ದೂರ ಸರಿದು ನನ್ನ ಮುಖ ನೋಡಿದಳು. ನನ್ನ ಮಗಳು ನನ್ನನ್ನು ಹಾಗೆ ನೋಡಿದ್ದು ಅದೇ ಮೊದಲು. ಅದು ನನಗೆ ಸಲ್ಲಬೇಕಾದದ್ದೇ. ಆಮೇಲೆ ಅವಳು, "ಪಾಪ," ಎಂದಳು. ತಾರ್ಲೆಗೆ ಹೇಳಿದಳೋ ನನಗೆ ಹೇಳಿದಳೋ ಕೇಳುವ ಧೈರ್ಯವಾಗಲಿಲ್ಲ.

"ಅಂಕಿತಾ, ನಾಳೆಯಿಂದ ನಾನು ಕುಮಟೆ ಪೇಟೇಲಿ ಕೂತ್ಕಣೂದಿಲ್ಲ," ಎಂದೆ. "ಹಳ್ಳಿಗೆ ಎಷ್ಟು ಬೇಕೋ ಅಷ್ಟೇ ಮೀನು ತಕಣ್ತೆ. ಉಳಿದ್ರೆ ಮನೇಲಿ ಉಪ್ಪು ಹಾಕುವ. ನೀ ಶಾಲೆಯಿಂದ ಬರೂ ಹೊತ್ತಿಗೆ ನಾ ಮನೇಲಿ ಇರ್ತೆ. ದಿನಾ."

ಅವಳ ಕಣ್ಣು ದೊಡ್ಡದಾಯಿತು. ಒಂದು ಕ್ಷಣ ಕುಣಿದೇಬಿಡುತ್ತಾಳೆ ಅನಿಸಿತು. ಆಮೇಲೆ ಅದೇನು ಯೋಚನೆ ಬಂತೋ, ಮುಖ ಗಂಭೀರ ಮಾಡಿಕೊಂಡಳು. ನನ್ನದೇ ಮುಖ, ನನ್ನದೇ ದನಿ.

"ಹದಿನೈದು ದಿನ ನೋಡ್ವ, ಆಯಿ," ಎಂದಳು. "ಆಗ ಸೈ ಅಂದ್ರೆ ಸೈ."

ಅವತ್ತು ಏಳು ಗಂಟೆಗೆ ಬಂದ ಅತ್ತೆ, ಬಾಗಿಲು ತೆರೆದಿದ್ದದ್ದೂ ಟಿ.ವಿ. ಸದ್ದು ಇಲ್ಲದ್ದೂ ನೋಡಿ ಗಾಬರಿಯಾಗಿ, "ಯಾರಿಗೆ ಎಂತ ಆತು?" ಎಂದು ಹೊರಗಿನಿಂದಲೇ ಕೂಗಿದರು. ನಮ್ಮ ಮನೆಯ ಸ್ಥಿತಿ ಅಷ್ಟು ಚೆನ್ನಾಗಿತ್ತು.

ಮರುದಿನದಿಂದ ನನ್ನ ಪರೀಕ್ಷೆ ಶುರುವಾಯಿತು. ನಾನು ಮಗಳಿಗೆ ಇಟ್ಟದ್ದಕ್ಕಿಂತ ಇದು ಕಷ್ಟದ್ದು. ಮೂರನೇ ದಿನ ಸ್ವಾತಂತ್ರ್ಯ ದಿನಾಚರಣೆ, ಶಾಲೆ ಬೆಳಗ್ಗೆ ಹತ್ತಕ್ಕೇ ಬಿಟ್ಟಿತು. ನಾನು ರಜೆ ಹಾಕಿ ಮನೆಯಲ್ಲೇ ಇದ್ದೆ. "ರಜೆ ದಿನ ಲೆಕ್ಕಕ್ಕಿಲ್ಲ," ಎಂದು ಅದನ್ನು ತೆಗೆದುಹಾಕಿದಳು. ಏಳನೇ ದಿನ ಬಸ್ಸು ಕೆಟ್ಟು ನಿಂತಿತು. ಶಿವನನ್ನು ಅಷ್ಟು ದೂರ ಕರೆಸಿಕೊಂಡು ಬಂದು, ಅವಳು ತಿರುವಿನಲ್ಲಿ ಕಾಣಿಸಿಕೊಳ್ಳುವುದಕ್ಕೂ ನಾನು ದಣಪೆ ದಾಟುವುದಕ್ಕೂ ಸರಿಹೋಯಿತು. ಸಂಜೆ ಪೇಟೆಯಲ್ಲಿ ನನ್ನ ಜಾಗಕ್ಕೆ ಬೇರೆಯವಳು ಬಂದು ಕುಳಿತಳೆಂದು ಸುದ್ದಿ ಬಂತು. ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳಾಗುತ್ತದೆ.

ನಡುವೆ ದಿನಕರ ಬಂದರು. ಮೊದಲ ಸಲ ಬೋಟು ಮಂಗಳೂರಿನಲ್ಲೇ ಮೀನು ಇಳಿಸಿ ಅಲ್ಲಿಂದಲೇ ತಿರುಗಿ ಹೋಗಿದ್ದರಿಂದ ಇಪ್ಪತ್ತು ದಿನದ ಮೇಲೆ ಬಂದದ್ದು. ನಾನು ಅವರಿಗೂ ತಾರ್ಲೆಯ ವಿಷಯ ಹೇಳಿದೆ. ಅವರು ಒಂದು ದಿನ ನನ್ನ ಜೊತೆ ಮಾತಾಡಲಿಲ್ಲ. ಮಾರನೇ ದಿನ ಚಾ ಕುಡಿಯುತ್ತ, "ನಂಗೆ ಗೊತ್ತಿತ್ತು," ಎಂದರು. "ಬುಟ್ಟೀಲಿ ಅದರ ಕೂದ್ಲು ಇತ್ತು." ಇಷ್ಟು ವರ್ಷ ಒಂದು ಮಾತು ಆಡದೆ ಇದ್ದ ಮನುಷ್ಯ. ಹೊರಡುವ ಮೊದಲು ಮಗಳನ್ನು ಕರೆದು, "ಈಗ ನಾಲ್ಕಕ್ಕೆ ಆಯಿ ಇರ್ತದಲ್ಲ. ಆ ಬಿಳಿ ಮೂಗಿಂದು ತರೂದಾ?" ಎಂದು ಕೇಳಿದರು.

"ಮಧ್ಯಾಹ್ನ ಯಾರಿರ್ತಾರೆ, ಅಪ್ಪ?" ಎಂದಳು ಅವಳು.

ಬಿಳಿ ಮೂಗಿನ ಮರಿ ಹೊನ್ನಾವರದಲ್ಲಿ ಮನೆಯಲ್ಲೇ ಹೊಲಿಗೆ ಹೊಲಿಯುವ ಶಿವನ ಅಕ್ಕನ ಪಾಲಾಯಿತು. ದಿನವಿಡೀ ಮಿಷನ್ನಿನ ಕೆಳಗೆ ಅವರ ಕಾಲ ಬುಡದಲ್ಲಿ ಮಲಗಿರುತ್ತದಂತೆ. ಅಂಕಿತಾ ಒಂದು ಭಾನುವಾರ ಹೋಗಿ ನೋಡಿಕೊಂಡು ಬಂದಳು. ದಾರಿಯಲ್ಲಿ ಸ್ವಲ್ಪ ಅತ್ತಳು. "ಚೆಂದ ಅದೆ ಅಲ್ಲಿ," ಎಂದೂ ಹೇಳಿದಳು.

ಹದಿನೈದನೇ ದಿನ ನಾನು ಮೂರೂವರೆಗೇ ಬಂದಿದ್ದೆ. ಈಗ ದಿನಾ ಮಾಡುವಂತೆ ಅತ್ತೆಯ ಬೀಗದ ಕೈ ತೆಗೆದುಕೊಂಡು ಹೋಗಿದ್ದೆನಾದ್ದರಿಂದ ಬಾಗಿಲು ತೆರೆದು, ಬಂಗಡೆ ಹುರಿಯಲು ಇಟ್ಟಿದ್ದೆ. ಅಂಕಿತಾ ಬಂದಳು. ಚಪ್ಪಲಿ ಬಿಟ್ಟಳು. ಪಾಸೋ ಫೇಲೋ ಎಂದು ಕೇಳದೆ ನಾನು ಕುಳಿತಲ್ಲೇ ಬಂಗಡೆ ಮಗುಚಿದೆ.

ಅವಳು ಅಡುಗೆಮನೆಗೆ ಬಂದು ನೆಲದ ಮೇಲೆ ಕುಳಿತು, ಚೀಲದ ಒಳಗಿನ ಸಣ್ಣ ಜಿಪ್ಪು ತೆಗೆದಳು. ಮೂರನೇ ಕ್ಲಾಸಿನಿಂದ ಅದರಲ್ಲೇ ಇದ್ದ ಬೀಗದ ಕೈಯನ್ನು ಹೊರಗೆ ತೆಗೆದು ನನ್ನ ಮಡಿಲಿಗೆ ಹಾಕಿದಳು.

"ಇದು ನಿನ್ನ ಹತ್ರನೇ ಇರ್ಲಿ ಆಯಿ," ಎಂದಳು. "ನಂಗೆ ಹಸಿವಾಗ್ತದೆ."